ಬಿಸಿಯಾಗಲೊಲ್ಲದ ಗಾಡಿ

ಹೇಳಿಬಿಡಬೇಕು ಎಂದು ಹಲ್ಲುಜ್ಜುವಾಗ ಅಂದುಕೊಂಡಳು. ತಲೆ ಬಾಚುವಾಗಲೂ ಅಂದುಕೊಂಡಳು. ಗಾಡಿಯ ಸ್ಟೀರಿಂಗಿನ ಹಿಂದೆ, ಎಂಜಿನ್ ಆಕಾರದ ಒಂದು ಹಳದಿ ದೀಪ ಕೆಲವು ದಿನಗಳಿಂದ ಉರಿಯುತ್ತಿದೆ. ಅದನ್ನು ಅವಳು ಅಪ್ಪನಿಗೆ ಹೇಳಿಲ್ಲ. ಡೈರಿಯಲ್ಲಿ ಬರೆದಿದ್ದಾಳೆ. ದೀಪದ ಬಣ್ಣ, ಅದು ಮೊದಲು ಹೊತ್ತಿಕೊಂಡ ಗಳಿಗೆ, ಎಲ್ಲವನ್ನೂ ಒಳ್ಳೆಯ ಭಾಷೆಯಲ್ಲೇ ಬರೆದಿದ್ದಾಳೆ. ಆದರೂ ದೀಪ ಆರಿಲ್ಲ.

ಅಪ್ಪ ನಡುಮನೆಯಲ್ಲಿ ಹಲಗೆಯ ಮೇಲೆ ಅಂಗಾತ ಮಲಗಿದ್ದ. ಸೊಂಟ ಹಿಡಿದುಕೊಂಡಿತ್ತು. ಊರಿನ ಎಷ್ಟೋ ಜನರನ್ನು ಹೀಗೆಯೇ ಅಂಗಾತ ಮಲಗಿಸಿ ಸಾಗಿಸಿದವನಿಗೆ ತಾನೇ ಆ ಭಂಗಿಯಲ್ಲಿರುವುದು ಸ್ವಲ್ಪವೂ ಹಿಡಿಸಿರಲಿಲ್ಲ. ಆ ಮನೆಯ ಒಲೆ ಉರಿಯುತ್ತಿದ್ದುದು ಹೆಣದ ಗಾಡಿಯಿಂದ. ಅಪ್ಪನ ಸೊಂಟ ಕೈಕೊಟ್ಟ ಮೇಲೆ ಅದನ್ನು ಓಡಿಸುತ್ತಿದ್ದವಳು ಅವಳೇ. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದವಳಿಗೆ ಈ ಕೆಲಸ ಒಂದು ರೀತಿಯಲ್ಲಿ ಒಗ್ಗಿಯೂ ಹೋಗಿತ್ತು. ಹಿಂದೆ ಮಲಗಿದವರು ಮಾತಾಡಿಸುತ್ತಿರಲಿಲ್ಲ.

“ಇವತ್ತು ಹೊಗೆ ತಪಾಸಣೆಗೆ ಕಡೇ ದಿನ ಕಣೇ,” ಎಂದ ಅಪ್ಪ ಚಾವಣಿ ನೋಡುತ್ತಾ. “ಸಂಜೆಯೊಳಗೆ ಸರ್ಟಿಫಿಕೇಟು ಕೈಗೆ ಬರ್ಲಿಲ್ಲ ಅಂದ್ರೆ ಆಸ್ಪತ್ರೆ ಗೇಟಿನ ಹತ್ರ ನಮ್ಮ ಗಾಡಿ ನಿಲ್ಲಿಸೋ ಹಾಗಿಲ್ಲ. ಆ ಎ.ಸಿ. ಗಾಡಿಯವನು ನಮ್ಮ ಜಾಗಾನ ಆಗ್ಲೇ ಟೇಪ್ ಹಿಡಿದು ಅಳೆದ್ಕೊಂಡು ಹೋಗಿದ್ದಾನಂತೆ. ಹೆಣಕ್ಕೆ ಎ.ಸಿ. ಯಾಕೋ! ಸೆಕೆ ಆಗುತ್ತಾ ಅದಕ್ಕೆ?”

ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು.

“ಗಾಡಿ ಸರಿಯಾಗಿದೆ ತಾನೆ?”

“ಊಹೂಂ.”

“ಒಳ್ಳೇದಾಯ್ತು. ಮಧ್ಯಾಹ್ನಕ್ಕೆ ಒಂದು ಬಾಡಿಗೆ ಒಪ್ಕೊಂಡಿದ್ದೀನಿ. ಅಷ್ಟರೊಳಗೆ ತಪಾಸಣೆ ಮುಗಿಯುತ್ತಲ್ಲ?”

“ಊಹೂಂ.”

“ಭೇಷ್,” ಎಂದು ಅಪ್ಪ ನೆಮ್ಮದಿಯಿಂದ ಕಣ್ಣು ಮುಚ್ಚಿದ.

ಅವಳ ‘ಊಂ’ ಮತ್ತು ‘ಊಹೂಂ’ ಎರಡೂ ಒಂದೇ ಗಂಟಲಿನಿಂದ, ಒಂದೇ ಎತ್ತರದಲ್ಲಿ, ತುಟಿಯನ್ನು ದಾಟದೆ ಹೊರಡುತ್ತಿದ್ದವು. ಕೇಳುವವರು ತಮಗೆ ಬೇಕಾದುದನ್ನು ಕೇಳಿಸಿಕೊಳ್ಳುತ್ತಿದ್ದರು. ಪದವಿಯ ಮೌಖಿಕ ಪರೀಕ್ಷೆಯಲ್ಲಿ ಅವಳು ಪಾಸಾದದ್ದೂ ಹೀಗೆಯೇ.

ಗಾಡಿಗೆ ಬಂದ ಕಾಯಿಲೆಗೆ ಕಾರಣ ಅದಕ್ಕೆ ಮಾಡಿದ ಚಿಕಿತ್ಸೆ. ಹೋದ ಬೇಸಿಗೆಯಲ್ಲಿ, ಶವಯಾತ್ರೆಯ ನಟ್ಟನಡುವೆ, ಗಾಡಿ ಕುದಿದುಬಿಟ್ಟಿತ್ತು. ಹೆಣದ ಗಾಡಿ ಆಮೆಯ ಹಾಗೆ ಹೋಗಬೇಕು, ಎಂಜಿನ್ನಿಗೆ ಗಾಳಿ ಬಡಿಯುವುದಿಲ್ಲ, ಕುದಿಯದೆ ಏನು ಮಾಡೀತು? ಬಾನೆಟ್ಟಿನಿಂದ ಬೆಳ್ಳಗೆ ಹಬೆ ಎದ್ದಾಗ ಸತ್ತವರ ಕಡೆಯ ಮುದುಕಿಯೊಬ್ಬಳು ‘ಆತ್ಮ ಹೊರಟಿತು, ಆತ್ಮ ಹೊರಟಿತು’ ಎಂದು ಕೈಮುಗಿದು, ಉಳಿದವರೂ ಮುಗಿದು, ಅಪ್ಪನೂ ಬೇರೆ ದಾರಿ ಕಾಣದೆ ಮುಗಿದಿದ್ದ. ಆ ಅವಮಾನ ಮತ್ತೆ ಆಗಬಾರದೆಂದು ಇಬ್ಬರು ಮಹನೀಯರು ಟೊಂಕ ಕಟ್ಟಿ ನಿಂತರು. ಒಬ್ಬ ಅವಳ ಸೋದರಮಾವ. ಇನ್ನೊಬ್ಬರು ಪಕ್ಕದ ಮನೆಯವರು, ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಕಾಯುತ್ತಿದ್ದು ನಿವೃತ್ತರಾದವರು, ಬೀದಿಗೆಲ್ಲ ಬಾಯ್ಲರ್ ತಾತ. ಮಾವ ಎಲ್ಲಿಂದಲೋ ಲಾರಿಯ ರೇಡಿಯೇಟರ್ ತಂದು ಕೂರಿಸಿದ. ತಾತ ಸದಾ ತಿರುಗುವ ದೊಡ್ಡ ಫ್ಯಾನು ಹಾಕಿಸಿದರು. ಎಂಜಿನ್ ಬಿಸಿಯಾಗುವ ತನಕ ತಣ್ಣೀರನ್ನು ತಡೆದು ನಿಲ್ಲಿಸುವ ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟವನ್ನು ‘ಇದೊಂದು ಅಡ್ಡಗಾಲು’ ಎಂದು ಇಬ್ಬರೂ ಸೇರಿ ಕಿತ್ತೆಸೆದರು. ಅಂದಿನಿಂದ ಗಾಡಿ ಕುದಿಯಲಿಲ್ಲ. ಬೆಚ್ಚಗೂ ಆಗಲಿಲ್ಲ. ಎಂಜಿನ್ನು ಹಿಂದೆ ಮಲಗುವವರಷ್ಟೇ ತಣ್ಣಗಿರುತ್ತಿತ್ತು.

ಆ ದಿನ ಬೆಳಿಗ್ಗೆ ಮಾವನೂ ಗಾಡಿ ಹತ್ತಿ ಪಕ್ಕದಲ್ಲಿ ಕುಳಿತ. ಅವನ ಲೈಸೆನ್ಸು ಬಹಳ ಹಿಂದೆಯೇ ರದ್ದಾಗಿತ್ತು, ಯಾಕೆಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

“ನೀನು ಗಾಡಿ ಓಡ್ಸು, ಮಾತು ನನಗೆ ಬಿಡು ಇಲಿಮರಿ,” ಎಂದ. ಅವಳನ್ನು ಹುಟ್ಟಿದಾಗಿನಿಂದ ಅವನು ಕರೆಯುವುದೇ ಹಾಗೆ.

ತಪಾಸಣಾ ಕೇಂದ್ರವೆಂದರೆ ಊರ ಹೊರಗಿನ ಒಂದು ಉದ್ದನೆಯ ತಗಡಿನ ಶೆಡ್ಡು. ಹೊಗೆ ಹೊರಗೆ ಹೋಗಲೆಂದು ಮೇಲೊಂದು ಎತ್ತರದ ಕೊಳವೆ. ಪರೀಕ್ಷಕ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಸ್ಟೀರಿಂಗಿನ ಕೆಳಗೆ ಸ್ಕ್ಯಾನರಿನ ವೈರು ಸಿಕ್ಕಿಸಿ ಪರದೆ ನೋಡಿದವನು ಬಟ್ಟೆ ಇಳಿಸಿ ನಕ್ಕ.

“ಎಂಜಿನ್ ಬಿಸಿಯಾಗ್ತಿಲ್ಲ ಅಂತ ಕೋಡ್ ತೋರಿಸ್ತಿದೆ. ಎಲ್ಲರ ಗಾಡಿ ಬಿಸಿಯಾಗಿ ಸಾಯುತ್ತೆ, ನಿಮ್ದು ಚಳಿಗೆ ಸಾಯ್ತಿದೆಯಲ್ರೀ!”

“ತಂಪಾಗಿದ್ರೆ ಒಳ್ಳೇದೇ ಅಲ್ವಾ ಸ್ವಾಮಿ?” ಎಂದ ಮಾವ.

“ಎಂಜಿನ್ ತಣ್ಣಗಿದ್ರೆ ಎಣ್ಣೆ ಪೂರ್ತಿ ಸುಡಲ್ಲ, ಕೆಟ್ಟ ಹೊಗೆ ಬರುತ್ತೆ. ದೀಪ ಉರೀತಿರೋ ಗಾಡೀನ ನಾನು ಮುಟ್ಟೋ ಹಾಗೂ ಇಲ್ಲ. ದೀಪ ಆರ್ಬೇಕು, ಬಿಸಿ ತೋರ್ಸೋ ಮುಳ್ಳು ಮಧ್ಯಕ್ಕೆ ಬರ್ಬೇಕು. ಸಂಜೆ ಬಾಗಿಲು ಹಾಕೋದ್ರೊಳಗೆ ಬನ್ನಿ.”

ದಾರಿಯುದ್ದಕ್ಕೂ ಮಾವ ಕೊರೆದ. “ವಾರದಿಂದ ಉರೀತಿತ್ತಾ? ಬಾಯಲ್ಲಿ ಏನು ಇಟ್ಕೊಂಡಿದ್ದೆ? ಒಂದು ಮಾತು ಹೇಳಕ್ಕೆ ನಿನಗೇನು ರೋಗ?”

ಹೇಳಿದ್ದರೆ ನೀವಿಬ್ಬರೂ ಇನ್ನೊಂದು ರೇಡಿಯೇಟರ್ ಹಾಕುತ್ತಿದ್ದಿರಿ ಎಂಬ ಒಳ್ಳೆಯ ಉತ್ತರ ಅವಳಿಗೆ ಹೊಳೆಯಿತು. ಅದನ್ನು ರಾತ್ರಿ ಡೈರಿಗೆ ಎಂದು ತೆಗೆದಿಟ್ಟುಕೊಂಡಳು.

ಬೀದಿಯಲ್ಲಿ ಬಾಯ್ಲರ್ ತಾತ ಗೇಟಿನ ಮೇಲೆ ಮೊಣಕೈ ಊರಿ ಕಾಯುತ್ತಿದ್ದರು. ವಿಷಯ ಕೇಳಿದ್ದೇ ಅವರ ಮುಖ ಅರಳಿತು. ಇನ್ನೊಬ್ಬರ ಗಾಡಿ ಕೆಟ್ಟಿತೆಂದರೆ ಅವರಿಗೆ ವಯಸ್ಸು ಇಳಿಯುತ್ತಿತ್ತು.

“ನಾನು ಫ್ಯಾನ್ ಒಂದೇ ಸಾಕು ಅಂದಿದ್ದೆ. ಲಾರಿ ರೇಡಿಯೇಟರ್ ತಂದು ತುರುಕಿದೋನು ನೀನು,” ಎಂದರು ಮಾವನಿಗೆ.

“ಕವಾಟ ಕಿತ್ತೋರು ಯಾರು ತಾತ? ನಾನಾ?”

“ಹಿಡ್ಕೊಂಡಿದ್ದೋನು ನೀನೇ ಅಲ್ವೇನೋ! ಹೋಗ್ಲಿ ಬಿಡು. ದೀಪ ಆರಿಸೋದು ತಾನೆ? ಬ್ಯಾಟರಿ ತಂತಿ ಕಿತ್ತು ಮತ್ತೆ ಸಿಕ್ಕಿಸಿದ್ರೆ ಆಯ್ತು.”

ಕಿತ್ತು ಸಿಕ್ಕಿಸಿದರು. ದೀಪ ಆರಿತು. ತಾತ ಜಗತ್ತನ್ನು ಗೆದ್ದವರಂತೆ ಅತ್ತಿತ್ತ ನೋಡಿದರು. ಅವಳು ಮತ್ತೆ ಊರ ಹೊರಗಿನ ಶೆಡ್ಡಿಗೆ ಗಾಡಿ ಓಡಿಸಿದಳು. ಪರೀಕ್ಷಕ ಮತ್ತೆ ವೈರು ಸಿಕ್ಕಿಸಿದ, ಮತ್ತೆ ಬಟ್ಟೆ ಇಳಿಸಿದ. ಈ ಸಲ ನಗಲಿಲ್ಲ.

“ಬ್ಯಾಟರಿ ಕಿತ್ರಾ? ಈಗ ನಿಮ್ಮ ಗಾಡಿಗೆ ಏನೂ ನೆನಪಿಲ್ಲ. ತಾನು ಗಾಡಿ ಅನ್ನೋದಾದ್ರೂ ನೆನಪಿದೆಯೋ ಇಲ್ವೋ. ಒಂದು ಸಲ ಪೂರ್ತಿ ಬಿಸಿಯಾಗೋ ತನಕ ಒಳಗಿನ ಕಂಪ್ಯೂಟರ್ ‘ರೆಡಿ ಇಲ್ಲ’ ಅಂತಾನೇ ಹೇಳುತ್ತೆ. ಬಿಸಿ ಮಾಡ್ಕೊಂಡು ಬನ್ರೀ ಅಂದ್ರೆ ಬುದ್ಧಿ ಕಳ್ಕೊಂಡು ಬಂದಿದ್ದೀರಲ್ಲ!”

ಕಿತ್ತೆಸೆದ ಕವಾಟದಂಥದ್ದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹಳೆಯ ಮಾಡೆಲ್ಲು, ದೂರದಿಂದ ತರಿಸಬೇಕು ಎಂದರು. ಉಳಿದದ್ದು ಒಂದೇ ಉಪಾಯ ಎಂದು ಮಾವ ತೀರ್ಮಾನಿಸಿದ. ಓಡಿದರೆ ಮನುಷ್ಯನಿಗೇ ಮೈ ಬಿಸಿಯಾಗುತ್ತದೆ, ಗಾಡಿಗೆ ಆಗದೆ ಇರುತ್ತದೆಯೇ?

ಹೊರವರ್ತುಲ ರಸ್ತೆಯಲ್ಲಿ ಹೆಣದ ಗಾಡಿ ದೆವ್ವ ಅಟ್ಟಿಸಿಕೊಂಡು ಬಂದ ಹಾಗೆ ಓಡಿತು. ದಾರಿಹೋಕರು ಅದನ್ನು ಕಂಡು ಚಪ್ಪಲಿ ಬಿಟ್ಟು ಕೈಮುಗಿಯುವಷ್ಟರಲ್ಲಿ ಮಾಯವಾಗುತ್ತಿತ್ತು. ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಎದುರು ದಿಕ್ಕಿನಿಂದ ಮತ್ತೆ ಬರುತ್ತಿತ್ತು. ಓಡಿಸಿದಷ್ಟೂ ಲಾರಿಯ ರೇಡಿಯೇಟರಿಗೆ ಗಾಳಿ ಬಡಿದು ಮುಳ್ಳು ಕೆಳಗೇ ಮಲಗಿತ್ತು. ಕೊನೆಗೆ ಟ್ರಾಫಿಕ್ ಪೊಲೀಸಿನವನು ರಸ್ತೆಗೆ ಅಡ್ಡ ನಿಂತು ಕೈ ಮಾಡಿದ.

“ಏನಮ್ಮಾ ಇಷ್ಟು ಅವಸರ? ಒಳಗಿರೋರಿಗೆ ಅವಸರ ಇಲ್ವಲ್ಲ?”

“ಒಳಗೆ ಯಾರೂ ಇಲ್ಲ ಸಾರ್,” ಎಂದ ಮಾವ.

“ಹಾಗಾದ್ರೆ ಯಾರಿಗೆ ಅವಸರ?”

ಮಾವ ರೇಡಿಯೇಟರಿನಿಂದ ಶುರುಮಾಡಿದ. ಆ ಕತೆ ಮುಗಿಯುವಷ್ಟರಲ್ಲಿ ಇದ್ದಬದ್ದ ಬಿಸಿಯೂ ಆರಿತ್ತು, ಪೊಲೀಸಿನವನೂ ಸುಸ್ತಾಗಿ ‘ಹೋಗಿ, ಹೋಗಿ’ ಎಂದು ಕೈ ಬೀಸಿದ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

“ಎಲ್ಲಿ ಸತ್ತಿದ್ದೀಯೇ?” ಅಪ್ಪನ ದನಿ ಸೊಂಟದಿಂದ ಎದ್ದು ಬಂದಂತಿತ್ತು. “ಬಾಡಿಗೆಯವರು ಕಾಯ್ತಿದ್ದಾರೆ! ಆಗುತ್ತೆ ಅಂತ ನೀನೇ ಹೇಳಿದ್ದೆ ತಾನೆ?”

ಅವಳು ಹೇಳಿದ್ದು ಅದಲ್ಲ. ಆದರೆ ಅದನ್ನು ಈಗ ಬಿಡಿಸಿ ಹೇಳಲು ಬೆಳಗಿನ ಮಾತಿನಿಂದ ತೊಡಗಬೇಕಿತ್ತು.

ಬಾಡಿಗೆ ಇದ್ದದ್ದು ಬಡಾವಣೆಯ ಕೊನೆಯ ಬೀದಿಯಲ್ಲಿ. ಮನೆಯ ಓನರ್ ಗೇಟಿನಲ್ಲೇ ನಿಂತಿದ್ದ. ಸತ್ತವರಿಗಿಂತ ಗೋಡೆಯದೇ ಅವನಿಗೆ ಚಿಂತೆ. “ಬಂದು ಇನ್ನೂ ತಿಂಗಳಾಗಿಲ್ಲ. ಗಡಿಯಾರ ನೇತುಹಾಕಕ್ಕೆ ಮೊಳೆ ಹೊಡ್ಕೊಂಡ್ರು. ಬೆಳಿಗ್ಗೆ ಶೂ ಹಾಕ್ಕೊಳ್ತಾ ಹಾಗೇ ಕೂತುಬಿಟ್ರಂತೆ. ಈಗ ಮೊಳೆ ಯಾರು ಕೀಳೋದು?” ಎಂದು ಮಾವನ ಕಿವಿಯಲ್ಲಿ ಗೊಣಗಿದ.

ಮನೆಯೊಳಗೆ ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳಿದ್ದವು. ಅವುಗಳ ನಡುವೆ ಸತ್ತವರ ಹೆಂಡತಿ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದಳು, ಈಗಷ್ಟೇ ರೈಲು ತಪ್ಪಿಸಿಕೊಂಡವಳ ಹಾಗೆ. ಊರಿಗೆ ಹೊಸಬರು. ಸುದ್ದಿ ತಿಳಿದು ಪರಊರಿನಿಂದ ಓಡಿಬಂದ ಅವಳ ತಮ್ಮ ಮತ್ತು ಒಂದಿಷ್ಟು ನೆಂಟರು ಬಿಟ್ಟರೆ ಅಳಲಿಕ್ಕೂ ಜನರಿರಲಿಲ್ಲ. ಹೆಣ ಎತ್ತಲು ಒಬ್ಬರು ಕಡಿಮೆ ಬಿದ್ದಾಗ ಗಾಡಿ ತಂದ ಅವಳೇ ಒಂದು ಮೂಲೆಗೆ ಹೆಗಲು ಕೊಟ್ಟಳು. ಸತ್ತವರ ಒಂದು ಕಾಲಿನಲ್ಲಿ ಶೂ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಯಾರೂ ಅದನ್ನು ಗಮನಿಸಿದಂತಿರಲಿಲ್ಲ. ಅವಳು ಕುರ್ಚಿಯ ಕೆಳಗಿದ್ದ ಇನ್ನೊಂದು ಶೂವನ್ನು ಮೆಲ್ಲನೆ ತಂದು ಅವರ ಪಾದದ ಪಕ್ಕ ಇಟ್ಟಳು.

“ಚಿತಾಗಾರ ಎಲ್ಲಿದೆ ಅಂತ ನಮಗೆ ಗೊತ್ತಿಲ್ಲಮ್ಮ,” ಎಂದ ತಮ್ಮ, ಕಣ್ಣೊರೆಸಿಕೊಂಡು. “ನೀನು ಮುಂದೆ ಹೋಗು. ನಮ್ಮ ಕಾರುಗಳು ನಿನ್ನ ಹಿಂದೇನೇ ಬರ್ತವೆ.”

ಎಲ್ಲರೂ ಕಾರು ಹತ್ತುವ ಗಡಿಬಿಡಿಯಲ್ಲಿ ಮಾವ ಬಾನೆಟ್ ಎತ್ತಿ ಏನೋ ಕೈಯಾಡಿಸಿ ಬಂದ. ಸೀಟಿನ ಮೇಲಿದ್ದ ಅಪ್ಪನ ಕಂಬಳಿ ಕಾಣಿಸಲಿಲ್ಲ.

“ಫ್ಯಾನಿನ ತಂತಿ ಕಿತ್ತಿದ್ದೀನಿ. ರೇಡಿಯೇಟರಿಗೆ ಕಂಬಳಿ ಹೊದಿಸಿದ್ದೀನಿ,” ಎಂದು ಪಿಸುಗುಟ್ಟಿದ. “ನೀನು ಸುಮ್ನೆ ಓಡಿಸು.”

ಮೆರವಣಿಗೆ ಹೊರಟಿತು. ಗಾಡಿ ಆಮೆಯಾಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ, ಬೆಳಗಿನಿಂದ ಸತ್ತು ಬಿದ್ದಿದ್ದ ಮುಳ್ಳು ಅಲುಗಿತು. ಇನ್ನಷ್ಟು ದೂರ ಹೋದಾಗ ತಲೆಯೆತ್ತಿತು. ಹೊರವರ್ತುಲ ರಸ್ತೆಯ ಓಟಕ್ಕೆ ಬಗ್ಗದ ಎಂಜಿನ್ನು ಹೆಣದ ನಡಿಗೆಗೆ ಬಿಸಿಯೇರುತ್ತಿತ್ತು.

“ಬಂತು! ಮಧ್ಯಕ್ಕೆ ಬಂತು ಕಣೇ!” ಎಂದು ಮಾವ ಅವಳ ಭುಜಕ್ಕೆ ಗುದ್ದಿದ. ಹಿಂದಿನ ಕಾರಿನವರು ನೋಡುತ್ತಿದ್ದಾರೆಂದು ನೆನಪಾಗಿ ಆ ಕೈಯನ್ನೇ ಕಣ್ಣಿಗೆ ಒತ್ತಿಕೊಂಡು ಬಿಕ್ಕಿದಂತೆ ಮಾಡಿದ.

ಮುಂದೆ ಕವಲುದಾರಿ. ಬಲಕ್ಕೆ ಹೋದರೆ ಚಿತಾಗಾರ. ಎಡಕ್ಕೆ ತಪಾಸಣಾ ಕೇಂದ್ರ, ಬಾಗಿಲು ಹಾಕುವ ಹೊತ್ತು ಹತ್ತಿರವಾಗಿತ್ತು.

“ಎಡಕ್ಕೆ ತಿರುಗ್ಸು.”

ಅವಳು ಬ್ರೇಕಿನ ಮೇಲೆ ಕಾಲಿಟ್ಟಳು. “ಹಿಂದೆ ಹೆಣ ಇದೆ ಮಾವ.”

“ಅದೆಲ್ಲಿ ಎದ್ದು ಓಡಿಹೋಗುತ್ತೆ? ಒಂದು ಗಳಿಗೆ ಕೆಲಸ. ನಾಳೆ ಆ ಎ.ಸಿ.ಯವನು ನಿಮ್ಮಪ್ಪನ ಜಾಗದಲ್ಲಿ ನಿಂತ್ಕೊಂಡ್ರೆ ನಿಮ್ಮಪ್ಪ ಹಲಗೆಯಿಂದ ಏಳ್ತಾನಾ? ತಿರುಗಿಸ್ತೀಯೋ ಇಲ್ವೋ?”

“ಊಹೂಂ.”

“ಹಾಗೆ ಬಾ ದಾರಿಗೆ,” ಎಂದು ಮಾವನೇ ಕೈಚಾಚಿ ಎಡಗಡೆಯ ಇಂಡಿಕೇಟರ್ ಹಾಕಿದ.

ಹಿಂದಿನ ಕಾರು ಎಡಕ್ಕೆ ಇಂಡಿಕೇಟರ್ ಹಾಕಿತು. ಅದರ ಹಿಂದಿನದೂ ಹಾಕಿತು. ಅಷ್ಟೊಂದು ಜನ ತನ್ನನ್ನು ನಂಬಿ ಇಂಡಿಕೇಟರ್ ಹಾಕಿಕೊಂಡಿರುವಾಗ ಬಲಕ್ಕೆ ಹೊರಳುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ. ಎಡಕ್ಕೆ ತಿರುಗಿಸಿದಳು.

ಶೆಡ್ಡಿನ ಅಂಗಳದಲ್ಲಿ ಗಾಡಿ ಸಾಲಿಗೆ ನಿಂತಿತು. ಅದರ ಹಿಂದೆ ಬಂಧುಗಳ ಕಾರುಗಳೂ ಶಿಸ್ತಿನಿಂದ ನಿಂತವು. ಸತ್ತವರ ಭಾವಮೈದ ಇಳಿದು, ಎತ್ತರದ ಹೊಗೆ ಕೊಳವೆಯನ್ನು ನೋಡಿ ಗೌರವದಿಂದ ತಲೆ ತಗ್ಗಿಸಿದ. ಮೆಲ್ಲನೆ ಟೋಕನ್ ಕೊಡುವ ಕಿಟಕಿಗೆ ಹೋದ. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು.

“ಎಷ್ಟು ಹೊತ್ತಾಗುತ್ತೆ ಸಾರ್?”

“ಬಿಸಿ ಇದ್ರೆ ಬೇಗ ಆಗುತ್ತೆ. ತಣ್ಣಗಿದ್ರೆ ವಾಪಸ್ ಕಳಿಸ್ತೀವಿ.”

ಭಾವಮೈದ ಬೆಪ್ಪಾದ. “ವಾಪಸ್ಸಾ? ಬಿಸಿ ಮಾಡೋದು ನಿಮ್ಮ ಕೆಲಸ ಅಲ್ವಾ?”

“ಅದು ತಂದವರ ಜವಾಬ್ದಾರಿ ಸಾರ್. ಹೊಗೆ ನೋಡೋದಷ್ಟೇ ನಮ್ಮ ಕೆಲಸ.”

“ಮತ್ತೆ... ಬೂದಿ?”

“ಬೂದಿ ಬೀಳೋಷ್ಟು ಕೆಟ್ಟೋಗಿರಲ್ಲ ಬಿಡಿ. ಸ್ವಲ್ಪ ಮಸಿ ಇರುತ್ತೆ, ಒರೆಸ್ಕೊಂಡು ಹೋಗಿ.”

ಅವನು ಕಾಲೆಳೆದುಕೊಂಡು ಕಾರಿಗೆ ಮರಳಿ ಕಿಟಕಿಯಲ್ಲಿ ಬಗ್ಗಿದ. “ಈ ಊರಿನ ವ್ಯವಸ್ಥೆ ಬೇರೆ ಥರ ಇದೆ ಕಣಕ್ಕ. ನೀನು ಇಳೀಬೇಡ.”

ಅವಳು ಸ್ಟೀರಿಂಗಿಗೆ ಹಣೆ ಹಚ್ಚಿದಳು. ಭೂಮಿ ಬಾಯಿಬಿಟ್ಟರೆ ಗಾಡಿ ಸಮೇತ ಇಳಿದುಬಿಡಲು ಸಿದ್ಧಳಿದ್ದಳು. ಪರೀಕ್ಷಕ ಬಂದು ಕಿಟಕಿ ತಟ್ಟಿದ.

“ಬಂದ್ರಾ? ಹಿಂದೆ ಖಾಲಿ ತಾನೆ?”

“ಊಹೂಂ.”

“ಸರಿ, ಎಂಜಿನ್ ಆರಿಸ್ಬೇಡಿ.” ವೈರು ಸಿಕ್ಕಿಸಿದ. ಗಾಡಿಯ ಹೊಗೆ ಕೊಳವೆಗೆ ನಳಿಕೆ ತೂರಿಸಿದ. ಪರದೆಯ ಮೇಲೆ ಅಂಕಿಗಳು ಓಡಿ ನಿಂತವು. ಮಾವ ಉಸಿರು ಬಿಗಿಹಿಡಿದಿದ್ದ. ಅವಳು ಹಲಗೆಯ ಮೇಲಿರುವ ಅಪ್ಪನನ್ನು ನೆನೆದಳು. ಅವನು ಈಗಲೂ ಚಾವಣಿಯನ್ನೇ ನೋಡುತ್ತಿರಬೇಕು.

“ಪಾಸು!” ಎಂದ ಪರೀಕ್ಷಕ. “ಕೋಡಿಲ್ಲ, ದೀಪ ಇಲ್ಲ. ಹೊಗೆ ಹಾಲಿನಷ್ಟು ಶುದ್ಧ. ಬೆಳಿಗ್ಗೆ ನೋಡಿದ ಗಾಡೀನೇನಾ ಇದು?”

ಮಾವ ಅವನ ಎರಡೂ ಕೈ ಹಿಡಿದುಕೊಂಡ. ಅವಳಿಗೆ ಬಹಳ ದಿನಗಳ ನಂತರ ಪೂರ್ತಿ ಉಸಿರು ಬಂತು. ಬೇಗ ಹೊರಟರೆ ಸಾಕು, ಹಿಂದಿನವರಿಗೆ ದಾರಿ ತಪ್ಪಿತು ಎಂದುಬಿಡಬಹುದು. ಅದೊಂದು ಸುಳ್ಳು ಬಾಯಿಗೆ ಬಂದರೆ ಇಂದಿನ ದಿನ ಮುಗಿದಂತೆ.

ಪರೀಕ್ಷಕ ಒಳಗಿನಿಂದ ಸರ್ಟಿಫಿಕೇಟು ಅಚ್ಚುಮಾಡಿ ತಂದ. ಅದನ್ನು ಅವಳ ಕೈಗೆ ಕೊಡಲು ಹೋಗಿ ಹಿಂದಕ್ಕೆಳೆದುಕೊಂಡ.

“ಒಂದು ನಿಮಿಷ. ಸಾಹೇಬರ ಸಹಿ ಆಗ್ಬೇಕು. ಅದಿಲ್ಲದೆ ಇದು ಬರೀ ಕಾಗದ.”

“ಹಾಕಿಸಿ ಮತ್ತೆ!” ಎಂದ ಮಾವ.

“ಹೊಸಬರು. ಮೊನ್ನೆ ಮೊನ್ನೆ ವರ್ಗವಾಗಿ ಬಂದೋರು. ಒಂದು ದಿನ ತಡ ಮಾಡಿದವರಲ್ಲ, ಇವತ್ತು ಬೆಳಿಗ್ಗೆಯಿಂದ ಪತ್ತೆ ಇಲ್ಲ. ಫೋನ್ ಮಾಡಿದ್ರೂ ತೆಗೀತಿಲ್ಲ. ಇರಿ, ಇನ್ನೊಂದು ಸಲ ನೋಡ್ತೀನಿ.”

ಅವನು ಫೋನನ್ನು ಕಿವಿಗೆ ಹಿಡಿದ. ಹಿಂದಿನ ಕಾರಿನಲ್ಲಿ ಫೋನೊಂದು ಬಡಿದುಕೊಳ್ಳತೊಡಗಿತು.

ಅವಳು ಕನ್ನಡಿಯಲ್ಲಿ ನೋಡಿದಳು. ಹೆಂಡತಿ ಎದೆಗವಚಿದ್ದ ಕೈಚೀಲ ತೆರೆದು, ಬಡಿದುಕೊಳ್ಳುತ್ತಿದ್ದುದನ್ನು ಹೊರಗೆ ತೆಗೆದಳು. ಅದನ್ನು ನೋಡುತ್ತಾ ಕೂತಳು. ಆಮೇಲೆ ಕಿವಿಗೆ ಹಚ್ಚಿಕೊಂಡಳು.

“ತೆಗೆದ್ರು!” ಎಂದು ಪರೀಕ್ಷಕ ಇವರಿಗೆ ಕಣ್ಣು ಹೊಡೆದ. “ಸಾರ್, ನಮಸ್ಕಾರ ಸಾರ್. ಒಂದೇ ಒಂದು ಸಹಿ ಸಾರ್, ಪಾಪ, ಬೆಳಿಗ್ಗೆಯಿಂದ ಅಲೀತಿದ್ದಾರೆ... ಸಾರ್?” ಫೋನಿಗೆ ಕೈ ಅಡ್ಡ ಹಿಡಿದು ದನಿ ತಗ್ಗಿಸಿದ. “ಮಾತಾಡ್ತಿಲ್ಲ. ಯಾಕೋ ಅಳ್ತಿರೋ ಹಾಗಿದೆ.” ಮತ್ತೆ ಫೋನಿಗೆ, “ಎಲ್ಲಿದ್ದೀರಿ ಅಂತ ಹೇಳಿ ಸಾರ್, ನಾನೇ ಅಲ್ಲಿಗೆ ಬಂದುಬಿಡ್ತೀನಿ.”

ಮಾವನ ಬಾಯಿ ತೆರೆದಿತ್ತು. ಬೆಳಗಿನಿಂದ ಅವಳ ಪರವಾಗಿ ಊರಿಗೆಲ್ಲ ಮಾತಾಡಿದವನು ಈಗ ಅವಳನ್ನೇ ನೋಡುತ್ತಿದ್ದ. ಶೆಡ್ಡಿನವರು ಬಾಗಿಲ ಸರಪಳಿ ಎಳೆಯಲು ಹೊರಟಿದ್ದರು. ಪರೀಕ್ಷಕ ಅಲ್ಲಿ ‘ಸಾರ್, ಸಾರ್’ ಎನ್ನುತ್ತಿದ್ದ. ಕನ್ನಡಿಯೊಳಗಿನ ಹೆಂಗಸು ಪ್ರತಿ ಸಲವೂ ಆ ‘ಸಾರ್’ಗೆ ಬೆಚ್ಚುತ್ತಿದ್ದಳು.

ಅವಳು ಬಾಗಿಲು ತೆರೆದು ಇಳಿದಳು. ಪರೀಕ್ಷಕನ ಕೈಯಿಂದ ಫೋನು ತೆಗೆದುಕೊಂಡು ಆರಿಸಿದಳು. ಇಡೀ ಅಂಗಳ ತಿರುಗಿ ನೋಡಿತು. ಈ ಸಲ ಅವಳ ಬಾಯಿ ತೆರೆದುಕೊಂಡಿತು, ದನಿ ತಗಡಿಗೆ ಬಡಿದು ಎಲ್ಲರಿಗೂ ಕೇಳಿಸಿತು.

“ಸಾಹೇಬರು ಬಂದಿದ್ದಾರೆ. ನನ್ನ ಗಾಡೀಲಿ ಮಲಗಿದ್ದಾರೆ.”